ನಮ್ಮ ಪೇಟೆ ಬೀದಿಯಲ್ಲಿ ಸೈಕಲ್ಲಿಗೊಂದು ದಾರಿ

(ಸಂಘದ ವಾರ್ಷಿಕೋತ್ಸವದ ದಿನ ಮಾಡಿದ ಭಾಷಣ)





"ನೀನು ಬಿ.ಎ. ಓದ್ತಾ ಇದ್ದೀಯ, ಈ ಸಲ ನೀನೂ ನಾಲ್ಕು ಮಾತಾಡಮ್ಮ" ಅಂತ ಸಂಘದ ಅಣ್ಣಂದಿರು ಹೇಳಿದರು. ನಾನು ಬಾಬಾಸಾಹೇಬರ ಬಗ್ಗೆ ಮಾತಾಡ್ತೀನಿ ಅಂತ ಅವರು ಅಂದುಕೊಂಡಿದ್ದರು. ಮಾತಾಡ್ತೀನಿ. ಆದರೆ ಇವತ್ತು ನನ್ನ ವಿಷಯ ಸೈಕಲ್. ನಮ್ಮ ಪಾಪಿರೆಡ್ಡಿಪಟ್ಟಿಯ ಪೇಟೆ ಬೀದಿಯಲ್ಲಿ ಸೈಕಲ್ಲಿಗೆ ಅಂತಲೇ ಒಂದು ದಾರಿ ಬೇಕು, ಅದು ಹೇಗಿರಬೇಕು ಅಂತ ಹೇಳೋದಕ್ಕೆ ನಿಂತಿದ್ದೀನಿ. ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. ಪರವಾಗಿಲ್ಲ, ನಗಿ. ಕೊನೆವರೆಗೆ ಕೇಳಿ.

ಮೊದಲು ನಮ್ಮ ಮನೆ ಕಥೆ. ನಮ್ಮ ತಾತನ ಹತ್ತಿರ ಒಂದು ಹಳೇ ಸೈಕಲ್ ಇತ್ತು. ಆಗ ಅವರು ಬೇರೆ ಹಳ್ಳಿಯಲ್ಲಿದ್ದರು. ನಮ್ಮ ಕೇರಿಯಿಂದ ಹೊರಟರೆ ಮೇಲಿನವರ ಬೀದಿ ದಾಟಿಯೇ ಹೋಗಬೇಕಾಗಿತ್ತು. ಬೀದಿ ಶುರುವಾಗೋ ಕಡೆ ತಾತ ಸೈಕಲ್ಲಿಂದ ಇಳೀತಿದ್ದರು. ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡೀತಿದ್ದರು. ಬೀದಿ ಮುಗಿಯೋವರೆಗೆ ಸೈಕಲ್ ತಳ್ಳಿಕೊಂಡು ಹೋಗಿ, ಆಮೇಲೆ ಹತ್ತುತ್ತಿದ್ದರು. "ಯಾಕೆ ತಾತ?" ಅಂದರೆ, "ಹತ್ತಿಕೊಂಡು ಹೋದರೆ ಸೈಕಲ್ಲೂ ಉಳೀತಿರಲಿಲ್ಲ, ಕಾಲೂ ಉಳೀತಿರಲಿಲ್ಲ" ಅಂತಿದ್ದರು. ಅದನ್ನು ಹೇಳುವಾಗ ಅವರಿಗೆ ಕೋಪ ಇರಲಿಲ್ಲ. ಮಳೆ ಬಂದರೆ ಕೊಡೆ ಹಿಡಿಯೋ ಹಾಗೆ, ಬೀದಿ ಬಂದರೆ ಇಳಿಯೋದು. ಅಷ್ಟೇ.

ಇನ್ನು ನನ್ನ ಕಥೆ. ಹನ್ನೊಂದನೇ ಕ್ಲಾಸಿನಲ್ಲಿ ಸರ್ಕಾರದ ಸೈಕಲ್ ಬಂತು. ನಮ್ಮ ರಾಜ್ಯದಲ್ಲಿ 2001-02ರಲ್ಲಿ ಈ ಯೋಜನೆ ಶುರುವಾದಾಗ ಹನ್ನೊಂದು, ಹನ್ನೆರಡನೇ ತರಗತಿಯಲ್ಲಿ ಓದೋ ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳಿಗೇ ಮೊದಲು ಕೊಟ್ಟಿದ್ದು. ಆಮೇಲೆ ಎಲ್ಲರಿಗೂ ಬಂತು. ಅಂದರೆ ಇವತ್ತು ತಮಿಳುನಾಡಿನಲ್ಲಿ ಶಾಲೆ ಮುಂದೆ ಸಾಲಾಗಿ ನಿಲ್ಲುವ ಸೈಕಲ್ಲುಗಳ ಹಿಂದೆ ನಮ್ಮಂಥ ಮನೆಯ ಹುಡುಗಿಯರು ಇದ್ದಾರೆ. ಸೈಕಲ್ ಸಿಕ್ಕ ದಿನ ನಾನು ಕಾಲೋನಿಯನ್ನು ಹತ್ತು ಸುತ್ತು ಹಾಕಿದ್ದೆ.

ನಾಲ್ಕು ತಿಂಗಳು ಓಡಿಸಿದೆ. ಒಂದು ಬೆಳಿಗ್ಗೆ ಪೇಟೆ ಬೀದಿಯಲ್ಲಿ ಎಡಗಡೆ ನಿಲ್ಲಿಸಿದ್ದ ಕಾರಿನ ಬಾಗಿಲು ತೆರೆಯಿತು. ತಪ್ಪಿಸಿಕೊಳ್ಳೋಕೆ ಬಲಕ್ಕೆ ಎಳೆದೆ. ಹಿಂದಿನಿಂದ ಬಂದ ಲಾರಿ ಹ್ಯಾಂಡಲ್ ಬಾರಿಗೆ ತಾಗಿಕೊಂಡು ಹೋಯ್ತು. ಬಿದ್ದೆ. ಮಣಿಕಟ್ಟು ಮುರಿಯಿತು. ಲಾರಿ ನಿಲ್ಲಲಿಲ್ಲ. ಎತ್ತಿದವರಲ್ಲಿ ಒಬ್ಬರು ಹೇಳಿದ ಮಾತು ಮಾತ್ರ ಚೆನ್ನಾಗಿ ನೆನಪಿದೆ: "ಈ ರೋಡಲ್ಲಿ ಸೈಕಲ್ ಯಾಕಮ್ಮ ತರ್ತೀರ? ಇಳಿದು ತಳ್ಳಿಕೊಂಡು ಹೋಗಬಾರದಾ?"

ಅವರು ಒಳ್ಳೆ ಮನಸ್ಸಿಂದಲೇ ಹೇಳಿದ್ದು. ಆದರೆ ಆಸ್ಪತ್ರೆಯಲ್ಲಿ ಪಟ್ಟು ಹಾಕಿಸಿಕೊಳ್ಳುವಾಗ ನನಗೆ ತಾತ ನೆನಪಾದರು. ತಾತನಿಗೂ ರಸ್ತೆ "ಇಳಿ" ಅಂತು. ನನಗೂ "ಇಳಿ" ಅಂತು. ತಾತನಿಗೆ ಹೇಳಿದ್ದು ಜಾತಿ. ನನಗೆ ಹೇಳಿದ್ದು ರಸ್ತೆ ಕಟ್ಟಿರೋ ರೀತಿ. ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ಆದರೆ ಇಳಿದು ತಳ್ಳುವವರು ಯಾರು ಅಂತ ನೋಡಿದರೆ ಹೆಚ್ಚಾಗಿ ಅದೇ ಜನ.

ಆಮೇಲೆ ಅವ್ವ ಸೈಕಲ್ಲನ್ನು ಮನೆ ಹಿಂದೆ ಬೀಗ ಹಾಕಿ ನಿಲ್ಲಿಸಿದಳು. ಈಗಲೂ ಅಲ್ಲೇ ಇದೆ. ಬರುವ ವರ್ಷ ನನ್ನ ತಂಗಿ ಹನ್ನೊಂದನೇ ಕ್ಲಾಸು. ಅವಳಿಗೂ ಸೈಕಲ್ ಬರುತ್ತೆ. "ಬಂದ ದಿನವೇ ಮಾರಿಬಿಡೋಣ, ಮಗು ಉಳಿದರೆ ಸಾಕು" ಅಂತ ಅವ್ವ ಈಗಲೇ ಹೇಳ್ತಿದ್ದಾಳೆ. ನಾನು ಇವತ್ತು ಇಲ್ಲಿ ನಿಂತಿರೋದು ಅದಕ್ಕೇ.

ರಸ್ತೆ ನಮ್ಮ ವಿಷಯ ಅಲ್ಲ, ಅದು ಇಂಜಿನಿಯರ್ ವಿಷಯ ಅಂತ ಯಾರೂ ಅಂದುಕೋಬೇಡಿ. ರಸ್ತೆ ಮೊದಲಿಂದಲೂ ನಮ್ಮ ವಿಷಯವೇ. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯಂಕಾಳಿ ಏನು ಮಾಡಿದರು? ನಮ್ಮವರು ಹೋಗಬಾರದು ಅಂತಿದ್ದ ರಸ್ತೆಯಲ್ಲಿ ಎತ್ತಿನ ಗಾಡಿ ಹೂಡಿ, ಅದರ ಮೇಲೆ ಕೂತು ಹೋದರು. ಭಾಷಣ ಮಾಡಲಿಲ್ಲ, ಗಾಡಿ ಓಡಿಸಿದರು. 1924ರಲ್ಲಿ ವೈಕಂ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಒಳಗೆ ಹೋಗೋಕಲ್ಲ, ಅದರ ಸುತ್ತ ಇರೋ ರಸ್ತೆಯಲ್ಲಿ ನಡೆಯೋಕೆ. ನಮ್ಮ ಪೆರಿಯಾರ್ ಅದಕ್ಕಾಗಿ ಜೈಲಿಗೆ ಹೋದರು. ಕೊನೆಗೆ ಮೂರು ಕಡೆ ರಸ್ತೆ ಬಿಟ್ಟುಕೊಟ್ಟರು, ಒಂದು ಕಡೆ ಬಿಡಲಿಲ್ಲ. ಈ ಮುಕ್ಕಾಲು ರಸ್ತೆ ಕಥೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬಾಬಾಸಾಹೇಬರಿಗೂ ರಸ್ತೆಯಲ್ಲಿ ಪೆಟ್ಟಾಗಿದೆ. 1929ರಲ್ಲಿ ಅಸ್ಪೃಶ್ಯರ ಕಷ್ಟ ವಿಚಾರಿಸುವ ಸರ್ಕಾರಿ ಸಮಿತಿಯ ಸದಸ್ಯರಾಗಿ ಓಡಾಡ್ತಿದ್ದಾಗ ಚಾಳೀಸ್‌ಗಾಂವ್ ರೈಲು ನಿಲ್ದಾಣದಲ್ಲಿ ಇಳಿದರು. ಇವರನ್ನು ಕೂರಿಸಿಕೊಂಡು ಹೋಗೋಕೆ ಒಬ್ಬ ಟಾಂಗಾವಾಲನೂ ಒಪ್ಪಲಿಲ್ಲ. ಕೊನೆಗೆ ಟಾಂಗಾ ಮಾತ್ರ ಬಾಡಿಗೆಗೆ ಸಿಕ್ಕಿತು, ಓಡಿಸೋಕೆ ನಮ್ಮವನೇ ಒಬ್ಬ ಕೂತ. ಅವನಿಗೆ ಅಭ್ಯಾಸ ಇರಲಿಲ್ಲ. ಸೇತುವೆ ಮೇಲೆ ಗಾಡಿ ಪಲ್ಟಿಯಾಗಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಬ್ಯಾರಿಸ್ಟರ್ ಆದವರಿಗೇ ಹೀಗೆ. ಗಾಡಿ ಯಾರದು, ಓಡಿಸೋರು ಯಾರು, ಬೀಳೋರು ಯಾರು ಅನ್ನೋ ಪ್ರಶ್ನೆ ಅವತ್ತೂ ಇತ್ತು, ಇವತ್ತೂ ಇದೆ.

ಇನ್ನೊಂದು ವಿಷಯ ನನಗೆ ಓದುವಾಗ ಆಶ್ಚರ್ಯ ಆಯ್ತು. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದರು, 2016ರ ಜನವರಿ 26ರಿಂದ ಜಾರಿಗೆ ಬಂತು. ಅದರಲ್ಲಿ ಸೈಕಲ್ ಅನ್ನೋ ಪದವೇ ಇದೆ! ಪರಿಶಿಷ್ಟ ಜಾತಿ, ಪಂಗಡದವರು ಸಾರ್ವಜನಿಕ ಸ್ಥಳದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತೋದನ್ನು, ಚಪ್ಪಲಿ, ಹೊಸ ಬಟ್ಟೆ ಹಾಕೋದನ್ನು ತಡೆದರೆ ಅದು ಅಪರಾಧ. ಯೋಚನೆ ಮಾಡಿ, 2015ರಲ್ಲಿ ಪಾರ್ಲಿಮೆಂಟು ಇದನ್ನು ಬರೀಬೇಕಾಯ್ತು ಅಂದರೆ ಎಷ್ಟು ಜನ ತಾತಂದಿರು ಇಳಿದು ತಳ್ಳಿರಬೇಕು! ಇಳಿಸುವವರನ್ನು ಕಾನೂನು ತಡೀತು. ಹತ್ತಿದವರು ಮನೆ ಸೇರುವಂಥ ರಸ್ತೆ ಮಾಡೋದು ಇನ್ನೂ ಬಾಕಿ ಇದೆ.

ಈಗ ನಮ್ಮ ರಸ್ತೆ ನೋಡೋಣ. ಸೇಲಂ ಕಡೆಯಿಂದ ಮಂಜವಾಡಿ ಕಣಿವೆ ದಾಟಿ ಹರೂರಿಗೆ ಹೋಗೋ ವಾಹನ ಇದೆ. ಬೊಮ್ಮಿಡಿ ರೈಲ್ವೆ ಸ್ಟೇಷನ್ನಿಗೆ ಹೋಗೋ ವಾಹನ ಇದೆ. ಕಬ್ಬು ಕಡಿಯೋ ಕಾಲದಲ್ಲಿ ಗೋಪಾಲಪುರದ ಸಕ್ಕರೆ ಕಾರ್ಖಾನೆಗೆ ಹೋಗೋ ಟ್ರಾಕ್ಟರು, ಎರಡೂ ಕಡೆ ಕಬ್ಬು ಚಾಚಿಕೊಂಡು. ಮರಗೆಣಸಿನ ಲಾರಿ. ಬಸ್ಸು. ಇದರ ಮಧ್ಯೆ ಸೈಕಲ್ಲಲ್ಲಿ ಯಾರು? ಶಾಲೆ ಮಕ್ಕಳು. ಗಾರೆ ಕೆಲಸಕ್ಕೆ ಹೋಗೋ ಅಣ್ಣಂದಿರು. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗೋರು. ಬೆಳಿಗ್ಗೆ ಐದಕ್ಕೆ ಪೇಟೆ ಗುಡಿಸೋಕೆ ಹೋಗೋ ನಮ್ಮ ಚಿಕ್ಕಮ್ಮಂದಿರು ನಡೆದುಕೊಂಡೇ ಹೋಗ್ತಾರೆ. 2011ರ ಜನಗಣತಿ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು, ಕಾರು ಇದ್ದದ್ದು ಐದಕ್ಕೂ ಕಡಿಮೆ ಮನೆಯಲ್ಲಿ. ಆದರೆ ರಸ್ತೆ ಯಾರ ಲೆಕ್ಕದಲ್ಲಿ ಹಾಕಿದ್ದಾರೆ ನೋಡಿ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಿಂದ 1,68,491 ಜನ ಸತ್ತರು. ತಮಿಳುನಾಡಿನಲ್ಲೇ 17,884. ಅಪಘಾತದ ಸಂಖ್ಯೆಯಲ್ಲಿ ಆ ವರ್ಷ ನಮ್ಮ ರಾಜ್ಯವೇ ಮೊದಲು. "ವಿಧಿ" ಅಂತ ನಾವು ಹೇಳ್ತೀವಿ. ವಿಧಿ ಅಲ್ಲ. ನೆದರ್ಲೆಂಡ್ಸ್ ಅಂತ ಒಂದು ದೇಶ ಇದೆ, ಅಲ್ಲಿ ಪ್ರಧಾನಮಂತ್ರಿ ಕೂಡ ಸೈಕಲ್ಲಲ್ಲಿ ಆಫೀಸಿಗೆ ಹೋಗಿದ್ದಾರೆ. ಅವರೂ ಹುಟ್ಟುವಾಗಲೇ ಹೀಗಿರಲಿಲ್ಲ. 1971ರಲ್ಲಿ ಆ ಸಣ್ಣ ದೇಶದಲ್ಲಿ ರಸ್ತೆಯಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆಯರು ರಸ್ತೆಗೆ ಇಳಿದರು. "ಮಕ್ಕಳ ಕೊಲೆ ನಿಲ್ಲಿಸಿ" ಅಂತಲೇ ಚಳವಳಿಗೆ ಹೆಸರಿಟ್ಟರು. ರಸ್ತೆ ಬದಲಾಯಿತು. ಕೇಳದೆ ಅಲ್ಲೂ ಯಾರೂ ಕೊಡಲಿಲ್ಲ.

ಸರಿ, ಏನು ಕೇಳಬೇಕು? "ಸೈಕಲ್ ದಾರಿ ಕೊಡಿ" ಅಂದರೆ ಒಂದು ಬಿಳಿ ಗೆರೆ ಎಳೆದು, ಸೈಕಲ್ ಚಿತ್ರ ಬರೆದು, ಫೋಟೋ ತೆಗೆದು ಹೋಗ್ತಾರೆ. ಬೆಂಗಳೂರಿನ ಜಯನಗರದಲ್ಲಿ ಹಾಗೇ ಬಣ್ಣದ ದಾರಿ ಮಾಡಿದರು, ಅದರ ಮೇಲೆ ಕಾರು ನಿಂತವು. 2020ರಲ್ಲಿ ಅಲ್ಲಿನ ಹೊರವರ್ತುಲ ರಸ್ತೆಯಲ್ಲಿ ಸಣ್ಣ ಕಂಬ ನೆಟ್ಟು ದಾರಿ ಮಾಡಿದರು, ಬೈಕುಗಳು ನುಗ್ಗಿದವು, ಕಂಬ ಮುರಿದವು. ಅದಕ್ಕೆ ನಾವು ಕೇಳೋದನ್ನು ಬಿಡಿಸಿ ಕೇಳಬೇಕು.

ಒಂದು: ದಾರಿಯನ್ನು ಬಣ್ಣದಿಂದ ಅಲ್ಲ, ಕಲ್ಲಿನ ಅಂಚಿನಿಂದ ಬೇರೆ ಮಾಡಬೇಕು. ಲಾರಿ ಹತ್ತಲಾರದ, ಮಗು ಎಡವಿ ಬೀಳದ ಎತ್ತರ ಸಾಕು.

ಎರಡು: ಅಗಲ. ಒಂದು ಕಡೆಗೆ ಹೋಗೋ ಸೈಕಲ್ ದಾರಿಗೆ ಕನಿಷ್ಠ ಎರಡು ಮೀಟರ್, ಅಂದರೆ ಆರೂವರೆ ಅಡಿ ಬೇಕು. ಆಗಲೇ ಒಬ್ಬರನ್ನು ಇನ್ನೊಬ್ಬರು ದಾಟಿ ಹೋಗಬಹುದು. ಹಾಲಿನ ಕ್ಯಾನಿನ ಸೈಕಲ್, ಕಸದ ಗಾಡಿ, ಕಾಲಿಲ್ಲದವರ ಮೂರು ಚಕ್ರದ ಗಾಡಿ ಎಲ್ಲಾ ಹಿಡಿಸುತ್ತೆ. ನಡೆಯುವವರ ದಾರಿ ಆರು ಅಡಿ ಬೇರೆ. ಲೆಕ್ಕ ಹಾಕಿ ನೋಡಿ. ಎರಡು ಬಸ್ಸು ಎದುರುಬದುರು ನಿಧಾನವಾಗಿ ಹೋಗೋಕೆ 20 ಅಡಿ. ಪ್ರತಿ ಪಕ್ಕ ಆರೂವರೆ ಅಡಿ ಸೈಕಲ್ಲಿಗೆ, ಆರು ಅಡಿ ನಡೆಯೋಕೆ, ಒಂದೂವರೆ ಅಡಿ ಮಧ್ಯದ ಅಂಚಿಗೆ, ಒಟ್ಟು 14. ಎರಡು ಪಕ್ಕ 28. ಎಲ್ಲಾ ಸೇರಿ 48 ಅಡಿ. ಅಂದರೆ ಅಂಗಡಿ ಗೋಡೆಯಿಂದ ಅಂಗಡಿ ಗೋಡೆಗೆ 50 ಅಡಿ ಸಿಕ್ಕುವ ಕಡೆ ಎಲ್ಲಾ ಹಿಡಿಸುತ್ತೆ.

ಮೂರು: 50 ಅಡಿ ಇಲ್ಲದ ಕಡೆ? ಅಲ್ಲಿ ಬಲವಂತವಾಗಿ ಎರಡು ಅಡಿ ದಾರಿ ಎಳೆಯೋದು ಮೋಸ. ಅಂಥ ಕಡೆ ಬೇಕಾದ್ದು ವೇಗ ಇಳಿಸೋದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ತಾಗಿದರೆ ಹೆಚ್ಚಿನವರು ಬದುಕಿಕೊಳ್ತಾರೆ, 50 ದಾಟಿದ ಮೇಲೆ ಒಂದೊಂದು ಕಿಲೋಮೀಟರಿಗೂ ಬದುಕೋ ಅವಕಾಶ ಬೇಗ ಬೇಗ ಕಡಿಮೆ ಆಗುತ್ತೆ. 30ರ ಬೋರ್ಡು ಹಾಕಿದರೆ ಯಾರೂ ನಿಧಾನ ಮಾಡಲ್ಲ. ನಡೆದು ದಾಟೋ ಜಾಗವನ್ನೇ ರಸ್ತೆಯಿಂದ ಸ್ವಲ್ಪ ಎತ್ತರಿಸಿ, ಎರಡು ಕಡೆ ಇಳಿಜಾರು ಮಾಡಿದರೆ ಲಾರಿ ತಾನಾಗೇ ನಿಧಾನ ಆಗುತ್ತೆ. ಶಾಲೆ ಮುಂದೆ, ಬಸ್ ಸ್ಟ್ಯಾಂಡ್ ಮುಂದೆ, ಆಸ್ಪತ್ರೆ ಮುಂದೆ ಇದು ಇರಲೇಬೇಕು.

ನಾಲ್ಕು: ಕಾರು, ಬೈಕು ನಿಲ್ಲಿಸೋ ಜಾಗ ಸೈಕಲ್ ದಾರಿಯ ಆಚೆ, ಲಾರಿ ಕಡೆಗೆ ಇರಬೇಕು, ಮಧ್ಯದಲ್ಲಿ ಬಾಗಿಲು ತೆರೆಯುವಷ್ಟು ಅಂತರ ಬಿಡಬೇಕು. ಆಗ ನಿಂತ ಕಾರೇ ಗೋಡೆ ಆಗುತ್ತೆ. ಇದಕ್ಕೆ ಇನ್ನೂ ಅಗಲ ಬೇಕು, ಆದ್ದರಿಂದ ಎಲ್ಲಾ ಕಡೆ ಆಗಲ್ಲ. ಆಗದ ಕಡೆ ಕಾರು ಬೇರೆ ಬೀದಿಯಲ್ಲಿ ನಿಲ್ಲಲಿ. ನನ್ನ ಕೈ ಮುರಿದದ್ದು ಈ ಒಂದು ತಪ್ಪಿಗೆ.

ಐದು: ಬಸ್ ನಿಲ್ಲೋ ಕಡೆ ಸೈಕಲ್ ದಾರಿ ನಿಲ್ದಾಣದ ಹಿಂದಿನಿಂದ ಸುತ್ತಿ ಹೋಗಬೇಕು. ಇಲ್ಲದಿದ್ದರೆ ಪ್ರತಿ ಬಸ್ಸೂ ಸೈಕಲ್ಲನ್ನು ಒತ್ತಿಕೊಂಡೇ ಒಳಗೆ ಬರುತ್ತೆ.

ಆರು: ಚರಂಡಿ ಮೇಲಿನ ಕಬ್ಬಿಣದ ಜಾಲರಿ. ಸಣ್ಣ ವಿಷಯ ಅನ್ನಿಸುತ್ತೆ. ಕಂಬಿಗಳು ರಸ್ತೆ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಒಳಗೆ ಸಿಕ್ಕಿ ತಲೆ ಮೊದಲಾಗಿ ಬೀಳ್ತೀವಿ. ಅಡ್ಡಕ್ಕೆ ಇದ್ದರೆ ಏನೂ ಆಗಲ್ಲ. ದುಡ್ಡು ಎರಡಕ್ಕೂ ಒಂದೇ.

ಏಳು: ಬೆಳಕು. ಸಂಜೆ ಟ್ಯೂಷನ್ ಮುಗಿಸಿ ಬರೋ ಹುಡುಗಿಗೆ ದಾರಿ ಎಷ್ಟು ಅಗಲ ಅನ್ನೋದಕ್ಕಿಂತ ದೀಪ ಇದೆಯಾ ಅನ್ನೋದೇ ಮೊದಲು.

ಈಗ ನಾನು ನಿಜವಾಗಿ ಹೇಳಬೇಕಾದ ಎರಡು ಮಾತು.

ಮೊದಲನೇದು, ರಸ್ತೆ ಬದಿಯ ವ್ಯಾಪಾರದವರು. ಸೈಕಲ್ ದಾರಿ ನೆಪದಲ್ಲಿ ಹೂವಿನ ಅಕ್ಕನನ್ನು, ಎಳನೀರಿನ ಅಣ್ಣನನ್ನು, ಚಪ್ಪಲಿ ಹೊಲಿಯೋ ನಮ್ಮ ದೊಡ್ಡಪ್ಪನನ್ನು ಎಬ್ಬಿಸಿ ಕಳಿಸಿದರೆ ಅಂಥ ದಾರಿ ನಮಗೆ ಬೇಡ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಪ್ರಕಾರ ಅವರಿಗೂ ಜಾಗ ಗುರುತಿಸಬೇಕು. ನಕ್ಷೆಯಲ್ಲಿ ಅವರ ಜಾಗವನ್ನು ಮೊದಲೇ ಬರೆಯಲಿ. ಬಿಸಿಲಿಗೆ ಮರ, ಮರದ ಕೆಳಗೆ ಅವರು, ಅವರ ಪಕ್ಕದಲ್ಲಿ ದಾರಿ. ಅವರು ಕೂತಿದ್ದರೆ ಬೀದಿಯಲ್ಲಿ ಕಣ್ಣು ಇರುತ್ತೆ, ಹೆಣ್ಣುಮಕ್ಕಳಿಗೆ ಧೈರ್ಯ ಇರುತ್ತೆ.

ಎರಡನೇದು, ದಾರಿ ಎಲ್ಲಿಂದ ಎಲ್ಲಿಗೆ? ಯಾರು ನಕ್ಷೆ ಬರೆದರೂ ಬಸ್ ಸ್ಟ್ಯಾಂಡಿಂದ ತಾಲೂಕು ಆಫೀಸಿಗೆ, ಅಲ್ಲಿಂದ ಶಾಲೆಗೆ ಬರೀತಾರೆ. ಪೇಟೆ ಮುಗಿದ ಕಡೆ ದಾರಿಯೂ ಮುಗಿಯುತ್ತೆ. ನಮ್ಮ ಕಾಲೋನಿಗಳು ಎಲ್ಲಿವೆ? ಪೇಟೆ ಮುಗಿದ ಮೇಲೆ. ದೀಪ ಮುಗಿದ ಮೇಲೆ. ವಾಹನಗಳು ವೇಗ ಹಿಡಿಯೋ ಕಡೆ. ಸೈಕಲ್ ಹತ್ತೋ ಮಗು ಮನೆಯಿಂದ ಹೊರಡುತ್ತೆ, ಬಸ್ ಸ್ಟ್ಯಾಂಡಿಂದ ಅಲ್ಲ. ವೈಕಂನಲ್ಲಿ ಮುಕ್ಕಾಲು ರಸ್ತೆ ಕೊಟ್ಟ ಹಾಗೆ ನಮಗೂ ಮುಕ್ಕಾಲು ದಾರಿ ಕೊಟ್ಟರೆ, ಉಳಿದ ಕಾಲು ಭಾಗದಲ್ಲೇ ನಮ್ಮ ಮಕ್ಕಳು ಬೀಳೋದು. ಅದಕ್ಕೆ ನಮ್ಮ ಬೇಡಿಕೆಯ ಮೊದಲ ಸಾಲು ಇದಾಗಿರಲಿ: ದಾರಿ ಕಾಲೋನಿ ತಿರುವಿನಿಂದ ಶುರುವಾಗಬೇಕು.

"ಹೆಣ್ಣುಮಕ್ಕಳಿಗೆ ಟೌನ್ ಬಸ್ ಫ್ರೀ ಇದೆಯಲ್ಲ, ಸೈಕಲ್ ಯಾಕೆ?" ಅಂತ ಕೇಳ್ತಾರೆ. 2021ರಿಂದ ಫ್ರೀ ಇರೋದು ನಿಜ, ಅದರಿಂದ ಅವ್ವನಿಗೆ ತಿಂಗಳಿಗೆ ದುಡ್ಡು ಉಳೀತಿರೋದೂ ನಿಜ. ಆದರೆ ಬಸ್ಸು ಬರೋದು ಬಸ್ಸಿನ ಟೈಮಿಗೆ. ಸೈಕಲ್ ಹೊರಡೋದು ನನ್ನ ಟೈಮಿಗೆ. ನನ್ನ ಸೈಕಲ್ ನಿಂತ ಮೇಲೆ ಬಸ್ ತಪ್ಪಿದ ದಿನವೆಲ್ಲ ಮೊದಲನೇ ಪೀರಿಯಡ್ ಹೋಯ್ತು. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿ ಹುಡುಗಿಯರಿಗೆ ಸೈಕಲ್ ಕೊಟ್ಟರು. ಆಮೇಲೆ ಅರ್ಥಶಾಸ್ತ್ರದವರು ಲೆಕ್ಕ ಹಾಕಿದಾಗ ಪ್ರೌಢಶಾಲೆಗೆ ಸೇರೋ ಹುಡುಗಿಯರು ಶೇಕಡಾ 32ರಷ್ಟು ಹೆಚ್ಚಿದ್ದು ಕಂಡಿತು. ನಮ್ಮ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಅರಿವೊಳಿ ಇಯಕ್ಕಂ ಅನ್ನೋ ಸಾಕ್ಷರತಾ ಚಳವಳಿ ಓದು ಬರಹದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿತು. ಕಲ್ಲು ಒಡೆಯೋ ಹೆಂಗಸರು, ಕೂಲಿಯವರು ಸಾವಿರ ಸಾವಿರ ಜನ ಕಲಿತರು. ಜನ ಆಡಿಕೊಂಡರು. ಅವರು ಓಡಿಸಿದರು. ಅವರ ಮಗಳ ವಯಸ್ಸಿನವಳು ನಾನು, ನಾನು ಇಳಿದು ತಳ್ಳಬೇಕಾ?

"ಇದೆಲ್ಲ ನಮ್ಮೂರಿಗೆ ಆಗಲ್ಲಮ್ಮ" ಅಂತಲೂ ಹೇಳ್ತಾರೆ. ಕೇಳೋದಕ್ಕೆ ಕಾನೂನು ಇದೆ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ 198ಎ ಅಂತ ಸೇರಿಸಿದರು. ರಸ್ತೆಯ ವಿನ್ಯಾಸ, ಕೆಲಸ, ನಿರ್ವಹಣೆ ನಿಯಮದ ಪ್ರಕಾರ ಇಲ್ಲದೆ ಯಾರಾದರೂ ಸತ್ತರೆ, ಅಂಗ ಊನವಾದರೆ ಹೊಣೆಯಾದವರಿಗೆ ಒಂದು ಲಕ್ಷದವರೆಗೆ ದಂಡ. ಕೊಯಮತ್ತೂರಿನ ಮೂಳೆ ಡಾಕ್ಟರ್ ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ದಿನಾ ಮುರಿದ ಮೂಳೆ ಜೋಡಿಸೋ ಡಾಕ್ಟರು ಅವರು. ಅದೇ ಕೇಸಿನಲ್ಲಿ 2025ರ ಮೇ ತಿಂಗಳಲ್ಲಿ ಕೋರ್ಟು ಹೇಳಿತು: ಅಡ್ಡಿಯಿಲ್ಲದ ಕಾಲುದಾರಿ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ. 21ನೇ ವಿಧಿ ಇರೋದು ಯಾರು ಬರೆದ ಪುಸ್ತಕದಲ್ಲಿ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಹಾಗಾದರೆ ನಾಳೆ ಏನು ಮಾಡೋಣ? ಮೂರು ಕೆಲಸ ಹೇಳಿ ಮುಗಿಸ್ತೀನಿ.

ಬರುವ ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ವಾಹನ ಕಡಿಮೆ ಇರುವಾಗ, ಸಂಘದ ಹುಡುಗರು ಹುಡುಗಿಯರು ಟೇಪು ಹಿಡಿದು ಕಾಲೋನಿ ತಿರುವಿನಿಂದ ಶಾಲೆವರೆಗೆ ಅಳೆಯೋಣ. ಪ್ರತಿ ನೂರು ಹೆಜ್ಜೆಗೆ ಅಗಲ ಎಷ್ಟು, ಜಾಲರಿ ಹೇಗಿದೆ, ದೀಪ ಉರಿಯುತ್ತಾ ಅಂತ ಬರೆಯೋಣ. ಮೇಸ್ತ್ರಿ ಕೆಲಸ ಮಾಡೋ ಅಣ್ಣಂದಿರು ನಮ್ಮಲ್ಲೇ ಇದ್ದಾರೆ, ಅಳೆಯೋದರಲ್ಲಿ ಅವರಿಗಿಂತ ದೊಡ್ಡ ಇಂಜಿನಿಯರ್ ಬೇಡ.

ಆಮೇಲೆ ಒಂದು ವಾರ, ಬೆಳಿಗ್ಗೆ ಎಂಟರಿಂದ ಒಂಬತ್ತೂವರೆವರೆಗೆ, ಎಷ್ಟು ಸೈಕಲ್ ಹೋಗ್ತವೆ, ಎಷ್ಟು ಜನ ಇಳಿದು ತಳ್ತಾರೆ ಅಂತ ಎಣಿಸೋಣ. ನಮ್ಮ ಕಷ್ಟ ಲೆಕ್ಕದಲ್ಲಿ ಇಲ್ಲದಿದ್ದರೆ ಅವರ ಫೈಲಿನಲ್ಲಿ ನಾವು ಇಲ್ಲ.

ಕೊನೆಗೆ ಅದನ್ನೆಲ್ಲ ಅರ್ಜಿ ಮಾಡಿ, ನಾವು ಪೇರೂರಾಟ್ಚಿ ಅಂತೀವಲ್ಲ ಆ ಪಟ್ಟಣ ಪಂಚಾಯಿತಿಗೆ ಒಂದು, ಹೆದ್ದಾರಿ ಇಲಾಖೆಗೆ ಒಂದು, ಸೋಮವಾರ ಧರ್ಮಪುರಿಯಲ್ಲಿ ಕಲೆಕ್ಟರ್ ಅರ್ಜಿ ತಗೊಳ್ಳೋ ದಿನ ಒಂದು ಕೊಡೋಣ. ಜಿಲ್ಲೆಯ ರಸ್ತೆ ಸುರಕ್ಷತಾ ಸಮಿತಿಗೆ ಕಲೆಕ್ಟರೇ ಅಧ್ಯಕ್ಷರು. ಪಕ್ಕದ ಬೀದಿಗಳಿಂದ ಬಂದಿರೋ ನೆರೆಯವರಲ್ಲಿ ನನ್ನದೊಂದು ಬೇಡಿಕೆ: ಆ ಅರ್ಜಿಗೆ ನೀವೂ ಸಹಿ ಹಾಕಿ. ನಿಮ್ಮ ಮಕ್ಕಳೂ ಅದೇ ರಸ್ತೆಯಲ್ಲಿ ಅದೇ ಸರ್ಕಾರದ ಸೈಕಲ್ ಓಡಿಸ್ತಾರೆ. ಲಾರಿ ಜಾತಿ ಕೇಳಿ ತಾಗೋದಿಲ್ಲ. ನಮ್ಮ ತಾತ ಇಳಿದು ತಳ್ಳಿದ ಕಾಲದಲ್ಲಿ ಎರಡು ಬೀದಿಯವರು ಒಂದೇ ಕಾಗದಕ್ಕೆ ಸಹಿ ಹಾಕ್ತಿರಲಿಲ್ಲ. ಈಗ ಹಾಕಿದರೆ, ದಾರಿ ಬರೋದಕ್ಕೆ ಮುಂಚೆಯೇ ಅರ್ಧ ದಾರಿ ಬಂದ ಹಾಗೆ.

ನಿನ್ನೆ ರಾತ್ರಿ ಈ ಭಾಷಣ ಬರೀತಾ ಕೂತಿದ್ದಾಗ ತಂಗಿ ಬಂದು ಕೇಳಿದಳು, "ಅಕ್ಕ, ನಿನ್ನ ಸೈಕಲ್ ಬೀಗದ ಕೀ ಎಲ್ಲಿದೆ?" ಅಂತ. ಅವ್ವ ಅಡುಗೆ ಮನೆಯಲ್ಲಿ ಸುಮ್ಮನಾದಳು. ಕೀ ಅವ್ವನ ಹತ್ತಿರವೇ ಇದೆ, ಅವ್ವ ಇಲ್ಲೇ ಮುಂದೆ ಕೂತಿದ್ದಾಳೆ. ಅವಳು ಆ ಕೀ ಕೊಡೋಹಾಗೆ ಮಾಡೋದು ನನ್ನೊಬ್ಬಳಿಂದ ಆಗಲ್ಲ. ನಾವೆಲ್ಲ ಸೇರಿದರೆ ಆಗುತ್ತೆ.

ಭಾನುವಾರ ಬೆಳಿಗ್ಗೆ ಆರು ಗಂಟೆ. ಕಾಲೋನಿ ತಿರುವು. ಟೇಪು ನಾನು ತರ್ತೀನಿ.

ಜೈ ಭೀಮ್.